ಲ್ಯಾಪ್‌ಟಾಪ್‌ನಲ್ಲಿರುವ ಸೌಲಭ್ಯ ಲಿನಕ್ಸ್‌ಗೆ ಕಾಣದಿರುವುದೇಕೆ?

ಬ್ಯಾಟರಿ ಶೇ. 80ರಷ್ಟು ತುಂಬಿದ ಕೂಡಲೇ ಚಾರ್ಜ್ ಆಗುವುದನ್ನು ನಿಲ್ಲಿಸುವ ಸೌಲಭ್ಯ ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿದೆ. ತಯಾರಕರು ವಿಂಡೋಸ್ ಜೊತೆಗೆ ಕೊಡುವ ತಂತ್ರಾಂಶವನ್ನು ತೆರೆದು ಒಂದು ಆಯ್ಕೆಯ ಮೇಲೆ ಕ್ಲಿಕ್ ಮಾಡಿದರೆ ಆಯಿತು. ಆದರೆ ಅದೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದಾಗ ಕೆಲವೊಮ್ಮೆ ಆ ಆಯ್ಕೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಬ್ಯಾಟರಿ ಮತ್ತೆ ನೂರಕ್ಕೆ ನೂರು ತುಂಬಿ ಕೂರುತ್ತದೆ. ಕೀಲಿಮಣೆಯ ದೀಪ, ಫ್ಯಾನಿನ ವೇಗ, ಮೈಕ್ ಬಂದ್ ಮಾಡುವ ಕೀಲಿ ಮುಂತಾದ ಇನ್ನಷ್ಟು ಸೌಲಭ್ಯಗಳದ್ದೂ ಇದೇ ಕತೆ.

ಇಂತಹ ಅನುಭವದಿಂದ ಎರಡು ನಂಬಿಕೆಗಳು ಹುಟ್ಟಿಕೊಂಡಿವೆ. ಈ ಸೌಲಭ್ಯಗಳೆಲ್ಲ ವಿಂಡೋಸ್‌ನವು ಎನ್ನುವುದು ಒಂದು. ಲಿನಕ್ಸ್ ಹಾಕಿದರೆ ಬ್ಯಾಟರಿ ಹಾಳಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಸೌಲಭ್ಯ ಇರುವುದು ಲ್ಯಾಪ್‌ಟಾಪ್‌ನ ಯಂತ್ರಾಂಶದಲ್ಲಿ. ಅದನ್ನು ಕೇಳುವುದು ಹೇಗೆ ಎನ್ನುವ ಮಾಹಿತಿ ಮಾತ್ರ ಲಿನಕ್ಸ್‌ಗೆ ಗೊತ್ತಿರುವುದಿಲ್ಲ. ಆ ಮಾಹಿತಿಯನ್ನು ಪತ್ತೆಮಾಡಿ ಡ್ರೈವರ್‌ಗೆ ಸೇರಿಸುವ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಅಷ್ಟೊಂದು ಎಚ್ಚರಿಕೆ ಯಾಕೆ ಬೇಕು ಎನ್ನುವುದನ್ನು ಇಲ್ಲಿ ನೋಡೋಣ.

ಶೇ. 80ಕ್ಕೆ ನಿಲ್ಲಿಸಿದರೆ ಏನು ಲಾಭ?

ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಪೂರ್ತಿ ಚಾರ್ಜ್ ಆದಾಗ ಅದರ ಪ್ರತಿ ಕೋಶದ ವೋಲ್ಟೇಜ್ ಸಾಮಾನ್ಯವಾಗಿ 4.2 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿರುತ್ತದೆ. ವೋಲ್ಟೇಜ್ ಹೆಚ್ಚಿದ್ದಷ್ಟೂ ಕೋಶದೊಳಗಿನ ಎಲೆಕ್ಟ್ರೋಲೈಟ್ ದ್ರವ ಬೇಡದ ರಾಸಾಯನಿಕ ಕ್ರಿಯೆಗಳಲ್ಲಿ ತೊಡಗುತ್ತದೆ. ಅದಕ್ಕೆ ಬಿಸಿಯೂ ಸೇರಿಕೊಂಡರೆ ಕ್ರಿಯೆಗಳ ವೇಗ ಇನ್ನೂ ಹೆಚ್ಚುತ್ತದೆ. ಪರಿಣಾಮವಾಗಿ ಬ್ಯಾಟರಿ ಹಿಡಿದಿಟ್ಟುಕೊಳ್ಳುವ ವಿದ್ಯುತ್ತಿನ ಪ್ರಮಾಣ ಕಡಿಮೆಯಾಗುತ್ತಾ ಹೋಗುತ್ತದೆ. ಕೆಲವೊಮ್ಮೆ ಒಳಗೆ ಅನಿಲ ಉತ್ಪತ್ತಿಯಾಗಿ ಬ್ಯಾಟರಿ ಊದಿಕೊಳ್ಳುವುದೂ ಉಂಟು.

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿ ಕೆಲಸ ಮಾಡುವವರ ಬ್ಯಾಟರಿ ಇದೇ ಸ್ಥಿತಿಯಲ್ಲಿ, ಅಂದರೆ ಪೂರ್ತಿ ತುಂಬಿ ಬೆಚ್ಚಗೆ ತಿಂಗಳುಗಟ್ಟಲೆ ಇರುತ್ತದೆ. ಚಾರ್ಜನ್ನು ಶೇ. 80ರ ಆಸುಪಾಸಿಗೆ ನಿಲ್ಲಿಸಿದರೆ ವೋಲ್ಟೇಜ್ ಇಳಿಯುತ್ತದೆ, ಬ್ಯಾಟರಿ ನಿಧಾನವಾಗಿ ಮುಪ್ಪಾಗುತ್ತದೆ. ಹಾಗಾಗಿ ಈ ಸೌಲಭ್ಯ ಸಿಗುತ್ತದೋ ಇಲ್ಲವೋ ಎನ್ನುವುದು ಬರೀ ಅನುಕೂಲದ ಮಾತಲ್ಲ. ಹೊಸ ಬ್ಯಾಟರಿಯ ಖರ್ಚು ಎಷ್ಟು ಬೇಗ ಬರುತ್ತದೆ ಎನ್ನುವುದು ಸ್ವಲ್ಪಮಟ್ಟಿಗೆ ಇದರ ಮೇಲೂ ನಿಂತಿದೆ.

ಚಾರ್ಜ್ ನಿಲ್ಲಿಸುವುದು ಯಾರು?

ಚಾರ್ಜ್ ನಿಲ್ಲಿಸುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಲ್ಯಾಪ್‌ಟಾಪ್‌ನ ಮುಖ್ಯ ಪ್ರಾಸೆಸರ್ ಜೊತೆಗೆ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಚಿಪ್ ಇರುತ್ತದೆ. ಅದರ ಹೆಸರು ಎಂಬೆಡೆಡ್ ಕಂಟ್ರೋಲರ್, ಚಿಕ್ಕದಾಗಿ ಇಸಿ. ಚಾರ್ಜಿಂಗ್, ಫ್ಯಾನು, ಪವರ್ ಗುಂಡಿ, ಲ್ಯಾಪ್‌ಟಾಪ್ ಮುಚ್ಚಿದೆಯೋ ತೆರೆದಿದೆಯೋ ಎನ್ನುವ ಸೆನ್ಸರ್, ಕೀಲಿಮಣೆ ಹೀಗೆ ಮನೆವಾರ್ತೆಯ ಕೆಲಸಗಳೆಲ್ಲ ಸಾಮಾನ್ಯವಾಗಿ ಅದರದೇ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಬ್ಯಾಟರಿ ಚಾರ್ಜ್ ಆಗುತ್ತದಲ್ಲ, ಆಗ ಅದನ್ನು ನೋಡಿಕೊಳ್ಳುತ್ತಿರುವುದು ಇದೇ ಚಿಪ್.

ಈ ಚಿಪ್‌ನೊಳಗೆ ತಯಾರಕರೇ ಬರೆದ ತಂತ್ರಾಂಶ, ಅಂದರೆ ಫರ್ಮ್‌ವೇರ್ ಇರುತ್ತದೆ. 'ಶೇ. 80ಕ್ಕೆ ನಿಲ್ಲಿಸು' ಎಂದು ಅದಕ್ಕೆ ಒಮ್ಮೆ ಹೇಳಿದರೆ ಮುಂದಿನದ್ದು ಅದರ ಜವಾಬ್ದಾರಿ. ಕಾರ್ಯಾಚರಣ ವ್ಯವಸ್ಥೆ ಮಾಡಬೇಕಾದದ್ದು ಆ ಒಂದು ಮಾತನ್ನು ಸರಿಯಾದ ರೀತಿಯಲ್ಲಿ ತಲುಪಿಸುವುದು, ಅಷ್ಟೇ. ತೊಡಕು ಶುರುವಾಗುವುದು ಈ 'ಸರಿಯಾದ ರೀತಿ'ಯಲ್ಲೇ.

ಎಲ್ಲರಿಗೂ ಒಂದೇ ನಿಯಮ ಇಲ್ಲವೇ?

ಇದೆ, ಆದರೆ ಅರ್ಧ ದಾರಿಯವರೆಗೆ. ಕಾರ್ಯಾಚರಣ ವ್ಯವಸ್ಥೆ ಮತ್ತು ಯಂತ್ರಾಂಶದ ನಡುವಿನ ಇಂತಹ ಮಾತುಕತೆಗೆಂದು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ಮಾನದಂಡವನ್ನು ಪ್ರಕಟಿಸಿದವು. ಬ್ಯಾಟರಿ ಎಷ್ಟು ತುಂಬಿದೆ, ಅದು ಚಾರ್ಜ್ ಆಗುತ್ತಿದೆಯೇ ಎಂದು ಕೇಳುವ ಕ್ರಮವನ್ನು ಈ ಮಾನದಂಡ ನಿಗದಿಪಡಿಸಿದೆ. ಹಾಗಾಗಿ ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೊದಲ ದಿನವೇ ಬ್ಯಾಟರಿಯ ಶೇಕಡಾವಾರು ಲೆಕ್ಕ ಸರಿಯಾಗಿ ಕಾಣಿಸುತ್ತದೆ.

ಚಾರ್ಜ್ ಮಿತಿ, ಫ್ಯಾನಿನ ವಿಧಾನ, ಕೀಲಿಮಣೆಯ ದೀಪದಂತಹ ವಿಷಯಕ್ಕೆ ಬಂದರೆ ಮಾತ್ರ ಬಹುತೇಕ ಕಂಪನಿಗಳು ತಮ್ಮದೇ ದಾರಿ ಹಿಡಿದಿವೆ. ಈ ಸಂದೇಶಗಳನ್ನು ಸಾಗಿಸಲು ಅವು ಹೆಚ್ಚಾಗಿ ಬಳಸುವುದು ಮೈಕ್ರೋಸಾಫ್ಟ್ ರೂಪಿಸಿದ ಡಬ್ಲ್ಯುಎಂಐ ಎಂಬ ಹಾದಿಯನ್ನು. ಇದನ್ನು ಅಂಚೆಪೆಟ್ಟಿಗೆ ಎಂದುಕೊಳ್ಳಬಹುದು. ಪೆಟ್ಟಿಗೆ ಎಲ್ಲರದೂ ಒಂದೇ ಬಗೆಯದು, ಒಳಗೆ ಹಾಕುವ ಪತ್ರದ ಭಾಷೆ ಮಾತ್ರ ಕಂಪನಿಗೊಂದು, ಕೆಲವೊಮ್ಮೆ ಮಾಡೆಲ್‌ಗೊಂದು. ವಿಂಡೋಸ್‌ಗೆ ಬೇಕಾದ ತಂತ್ರಾಂಶವನ್ನು ಕಂಪನಿಯೇ ಬರೆದುಕೊಡುವುದರಿಂದ ಅಲ್ಲಿ ತೊಂದರೆಯಿಲ್ಲ. ಲಿನಕ್ಸ್‌ನ ವಿಷಯದಲ್ಲಿ ಕೆಲವು ಕಂಪನಿಗಳು ತಾವೇ ನೆರವಾಗುತ್ತವೆ. ಮಿಕ್ಕ ಕಡೆ ಆ ಭಾಷೆಯನ್ನು ಯಾರಾದರೂ ಕೂತು ಬಿಡಿಸಬೇಕು.

ಸುಳಿವು ಸಿಗುವುದೆಲ್ಲಿ?

ಅದೃಷ್ಟಕ್ಕೆ ಸುಳಿವು ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಎಸಿಪಿಐ ಪ್ರಕಾರ ಪ್ರತಿ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ತನ್ನ ಯಂತ್ರಾಂಶದ ವಿವರಗಳನ್ನೂ ಅದನ್ನು ಬಳಸುವ ಪುಟ್ಟ ಪ್ರೋಗ್ರಾಮ್‌ಗಳನ್ನೂ ಡಿಎಸ್‌ಡಿಟಿ ಮುಂತಾದ ಪಟ್ಟಿಗಳ ರೂಪದಲ್ಲಿ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುತ್ತದೆ. ಈ ಪಟ್ಟಿ ಇರುವುದು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ. ಅದನ್ನು ಮನುಷ್ಯರು ಓದಬಲ್ಲ ರೂಪಕ್ಕೆ ತಿರುಗಿಸಿಕೊಡುವ ಉಚಿತ ಸಾಧನಗಳಿವೆ.

ಹಾಗೆ ತಿರುಗಿಸಿದರೆ ಸಾವಿರಾರು ಸಾಲುಗಳ ಪಠ್ಯ ಎದುರಾಗುತ್ತದೆ. ಅದರಲ್ಲಿನ ಹೆಸರುಗಳೆಲ್ಲ ನಾಲ್ಕೇ ಅಕ್ಷರದವು, ವಿವರಣೆ ಒಂದೂ ಇರುವುದಿಲ್ಲ. ಇಂತಿಂಥ ಸಂಖ್ಯೆ ಬಂದರೆ ಇಸಿಯ ಇಂತಿಂಥ ಜಾಗದಲ್ಲಿ ಈ ಬೆಲೆಯನ್ನು ಬರೆ ಎನ್ನುವಂತಹ ಸೂಚನೆಗಳು ಮಾತ್ರ ಇರುತ್ತವೆ. ಆ ಜಾಗ ಬ್ಯಾಟರಿಗೆ ಸಂಬಂಧಿಸಿದ್ದೋ ಫ್ಯಾನಿಗೋ ಎನ್ನುವುದನ್ನು ಸುತ್ತಮುತ್ತಲಿನ ಸಾಲುಗಳಿಂದ ಊಹಿಸಬೇಕು. ಊಹೆ ಸರಿಯೇ ಎಂದು ನೋಡಲು ಇನ್ನೊಂದು ದಾರಿಯಿದೆ. ವಿಂಡೋಸ್‌ನಲ್ಲಿ ಚಾರ್ಜ್ ಮಿತಿಯನ್ನು ಬದಲಿಸುವ ಮೊದಲು ಮತ್ತು ಬದಲಿಸಿದ ನಂತರ ಇಸಿಯಲ್ಲಿರುವ ಬೆಲೆಗಳನ್ನು ಓದಿ ಎರಡನ್ನೂ ಹೋಲಿಸುವುದು. ಯಾವ ಬೆಲೆ 100ರಿಂದ 80ಕ್ಕೆ ಇಳಿಯಿತೋ ಅಲ್ಲಿ ಹುಡುಕಾಟ ಮುಂದುವರಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆರಂಭದಲ್ಲಿ ಮಾಡುವುದೆಲ್ಲ ಓದುವ ಕೆಲಸ. ಬರೆಯುವ ಕೆಲಸ ಬರುವುದು ಸಾಕಷ್ಟು ಖಾತ್ರಿಯಾದ ಮೇಲೆ.

ಏಸುಸ್ ಲ್ಯಾಪ್‌ಟಾಪ್‌ಗಳ ಉದಾಹರಣೆ

ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ತಿಳಿಯಲು ಏಸುಸ್ ಲ್ಯಾಪ್‌ಟಾಪ್‌ಗಳ ಡ್ರೈವರ್ ಒಳ್ಳೆಯ ನಿದರ್ಶನ. ಲಿನಕ್ಸ್ ಕರ್ನೆಲ್‌ನಲ್ಲಿ ಏಸುಸ್‌ಗೆಂದು ಡಬ್ಲ್ಯುಎಂಐ ಡ್ರೈವರ್ ವರ್ಷಗಳಿಂದ ಇತ್ತು. ಚಾರ್ಜ್ ಮಿತಿಯ ಸೌಲಭ್ಯ ಅದಕ್ಕೆ ಸೇರಿದ್ದು 2019ರ ನವೆಂಬರ್‌ನಲ್ಲಿ ಬಿಡುಗಡೆಯಾದ 5.4ನೇ ಆವೃತ್ತಿಯಲ್ಲಿ.

ಏಸುಸ್ ಫರ್ಮ್‌ವೇರ್ ಜೊತೆ ಮಾತನಾಡಲು ಎರಡು ಮುಖ್ಯ ಆಜ್ಞೆಗಳಿವೆ. ಸ್ಥಿತಿಯನ್ನು ಕೇಳುವುದಕ್ಕೆ ಡಿಎಸ್‌ಟಿಎಸ್, ಬೆಲೆಯನ್ನು ಬದಲಿಸುವುದಕ್ಕೆ ಡಿಇವಿಎಸ್. ಯಾವ ಭಾಗದ ಬಗ್ಗೆ ಮಾತನಾಡುತ್ತಿದ್ದೇವೆ ಎಂದು ಹೇಳಲು ಒಂದೊಂದಕ್ಕೂ ಒಂದು ಗುರುತಿನ ಸಂಖ್ಯೆ ಇದೆ. ಚಾರ್ಜ್ ಮಿತಿಗಿರುವ ಸಂಖ್ಯೆ, ಹದಿನಾರರ ಎಣಿಕೆಯ ಪದ್ಧತಿಯಲ್ಲಿ, 120057. ಅಂದರೆ ಬದಲಿಸುವ ಆಜ್ಞೆಯ ಜೊತೆಗೆ ಈ ಸಂಖ್ಯೆಯನ್ನೂ 80 ಎಂಬ ಬೆಲೆಯನ್ನೂ ಕಳುಹಿಸಿದರೆ ಕೆಲಸ ಆಗುತ್ತದೆ. ಆದರೆ ಫರ್ಮ್‌ವೇರ್ 1 ಎಂದು ಉತ್ತರಿಸುತ್ತದೆ.

ಇಷ್ಟು ಪತ್ತೆಯಾದರೆ ಡ್ರೈವರ್ ಬರೆಯುವುದು ಸುಲಭ ಅಲ್ಲವೇ ಎನಿಸಬಹುದು. ಆದರೆ ಅಲ್ಲಿ ಒಂದು ವಿಚಿತ್ರವಿತ್ತು. ಚಾರ್ಜ್ ಮಿತಿಯ ಸೌಲಭ್ಯ ಈ ಲ್ಯಾಪ್‌ಟಾಪ್‌ನಲ್ಲಿ ಇದೆಯೇ ಎಂದು ಕೇಳಿದರೆ ಫರ್ಮ್‌ವೇರ್ ಹೇಳುತ್ತದೆ. ಈಗ ಮಿತಿ ಎಷ್ಟಕ್ಕಿದೆ ಎಂದು ಕೇಳಿದರೆ ಹೇಳುವುದಿಲ್ಲ, ಅದನ್ನು ಓದುವ ವಿಧಾನವೇ ಅಲ್ಲಿ ಕಂಡುಬರಲಿಲ್ಲ. ಈ ಮುಂಚೆ ವಿಂಡೋಸ್‌ನಲ್ಲಿ 60 ಎಂದು ಇಟ್ಟಿದ್ದರೆ ಲಿನಕ್ಸ್‌ಗೆ ಅದು ಗೊತ್ತಾಗುವ ದಾರಿಯಿಲ್ಲ.

ಗೊತ್ತಿಲ್ಲದ ಬೆಲೆಯನ್ನು ಬಳಕೆದಾರರಿಗೆ ಏನೆಂದು ತೋರಿಸುವುದು? ಅಂದಾಜಿನ ಮೇಲೆ ಏನೋ ಒಂದು ಸಂಖ್ಯೆ ತೋರಿಸಿದರೆ ಅದು ಸುಳ್ಳಾಗಬಹುದು. ಡ್ರೈವರ್ ಬರೆದವರು ಹೀಗೆ ಮಾಡಿದರು: ಡ್ರೈವರ್ ಕೆಲಸ ಶುರುಮಾಡುವಾಗ ಮಿತಿಯನ್ನು ತಾನೇ 100ಕ್ಕೆ ಇಡುತ್ತದೆ. ಆಮೇಲೆ ನೀವು ಬದಲಿಸಿದ ಬೆಲೆಯನ್ನು ತನ್ನ ಬಳಿ ಬರೆದಿಟ್ಟುಕೊಂಡು, ಕೇಳಿದಾಗ ಅದನ್ನೇ ತೋರಿಸುತ್ತದೆ. ಇದರಿಂದ ತೋರಿಸುವ ಸಂಖ್ಯೆಗೂ ವಾಸ್ತವಕ್ಕೂ ತಾಳೆ ತಪ್ಪುವುದಿಲ್ಲ.

ವಿಂಡೋಸ್‌ನಲ್ಲಿ ಮಿತಿ ಇಟ್ಟಿದ್ದರೂ ಇಂತಹ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಶುರುಮಾಡಿದಾಗ ಬ್ಯಾಟರಿ ನೂರರವರೆಗೆ ತುಂಬುವುದೇಕೆ ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ಲಿನಕ್ಸ್ ಬ್ಯಾಟರಿಯನ್ನು ಹಾಳುಮಾಡಲು ಹೊರಟಿಲ್ಲ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವ ಸ್ಥಿತಿಗೆ ತಂದುಕೊಳ್ಳುತ್ತಿದೆ.

ಇನ್ನೊಂದು ಸಣ್ಣ ತೊಡಕೂ ಇತ್ತು. ಯಾವ ಬ್ಯಾಟರಿಗೆ ಈ ಮಿತಿ ಎಂದು ಹೇಳುವ ಅವಕಾಶ ಆ ಆಜ್ಞೆಯಲ್ಲಿಲ್ಲ. ಆದ್ದರಿಂದ ಮೊದಲ ಬ್ಯಾಟರಿಗೆಂದೇ ಡ್ರೈವರ್ ಭಾವಿಸುತ್ತದೆ. ಬ್ಯಾಟ್‌ 0 ಎಂಬ ಹೆಸರಿನ ಬ್ಯಾಟರಿಯನ್ನು ಅದು ಮೊದಲ ಬ್ಯಾಟರಿಯೆಂದು ಗುರುತಿಸುತ್ತಿತ್ತು. ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲ ಬ್ಯಾಟರಿಗೇ ಬ್ಯಾಟ್‌ 1, ಬ್ಯಾಟ್‌ ಸಿ, ಬ್ಯಾಟ್‌ ಟಿ ಎಂಬ ಹೆಸರುಗಳಿದ್ದವು. ಅಂತಹ ಲ್ಯಾಪ್‌ಟಾಪ್‌ಗಳಲ್ಲಿ ಸೌಲಭ್ಯ ಇದ್ದೂ ಇಲ್ಲದಂತಾಗಿತ್ತು. ಆ ಹೆಸರುಗಳನ್ನು ಪಟ್ಟಿಗೆ ಸೇರಿಸಿದ ಮೇಲೆ ಅಲ್ಲೂ ಕೆಲಸ ಮಾಡತೊಡಗಿತು. ಬೇಕಾಗಿದ್ದದ್ದು ಬೆರಳೆಣಿಕೆಯ ಸಾಲುಗಳು.

ಕೀಲಿಗಳ ವಿಷಯದಲ್ಲೂ ಹೀಗೆಯೇ. ವಿಶೇಷ ಕೀಲಿಯೊಂದನ್ನು ಒತ್ತಿದಾಗ ಫರ್ಮ್‌ವೇರ್ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಆ ಸಂಖ್ಯೆಯ ಅರ್ಥ ಡ್ರೈವರ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ 'ಗೊತ್ತಿಲ್ಲದ ಕೀಲಿ' ಎಂದು ದಾಖಲಿಸಿ ಸುಮ್ಮನಾಗುತ್ತದೆ. ಏಸುಸ್ ಡ್ರೈವರ್‌ನಲ್ಲಿ, ಹದಿನಾರರ ಎಣಿಕೆಯ 7ಸಿ ಎಂಬ ಸಂಖ್ಯೆ ಬಂದರೆ ಮೈಕ್ ಬಂದ್ ಮಾಡುವ ಕೀಲಿ ಎಂದು ಹೇಳುವುದು ಪಟ್ಟಿಯ ಒಂದೇ ಒಂದು ಸಾಲು.

ಕೆಲಸ ಮಾಡಿದರೆ ಸಾಲದೇ?

ತನ್ನ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿತು ಎಂದ ಮಾತ್ರಕ್ಕೆ ಅದನ್ನು ಎಲ್ಲರಿಗೂ ಹಂಚಬಹುದೇ? ಖಂಡಿತ ಇಲ್ಲ. ಕರ್ನೆಲ್‌ಗೆ ಸೇರಿದ ಡ್ರೈವರ್ ಬರೆದವರಿಗೆ ಎಂದೂ ಕಾಣಸಿಗದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಶುರುವಾಗುತ್ತದೆ.

ಎಂಎಸ್‌ಐ ಲ್ಯಾಪ್‌ಟಾಪ್‌ಗಳನ್ನು ನೋಡಿ. ಇವುಗಳಲ್ಲಿ ಚಾರ್ಜ್ ಮಿತಿಯನ್ನು ಇಡಲು ಇಸಿಯ ಸ್ಮೃತಿಯಲ್ಲಿ ನಿರ್ದಿಷ್ಟ ಜಾಗಕ್ಕೆ ನೇರವಾಗಿ ಬರೆಯಬೇಕು. ಇಸಿಯಲ್ಲಿ 0ಯಿಂದ 255ರವರೆಗೆ ಸಂಖ್ಯೆ ಹಾಕಿದ ಗೂಡುಗಳಿವೆ ಎಂದುಕೊಳ್ಳಿ. ಒಂದು ಗುಂಪಿನ ಮಾಡೆಲ್‌ಗಳಲ್ಲಿ ಚಾರ್ಜ್ ಮಿತಿ ಇರುವುದು 239ನೇ ಗೂಡಿನಲ್ಲಿ. ಇನ್ನೊಂದು ಗುಂಪಿನಲ್ಲಿ 215ನೇ ಗೂಡಿನಲ್ಲಿ. ಗೂಡು ತಪ್ಪಿದರೆ ನಾವು ಬರೆದ 80 ಎಂಬ ಸಂಖ್ಯೆ ಏನನ್ನು ಬದಲಿಸುತ್ತದೋ ಹೇಳಲಾಗದು. ಅದಕ್ಕೇ 2023ರಲ್ಲಿ ಕರ್ನೆಲ್‌ಗೆ ಸೇರಿದ ಎಂಎಸ್‌ಐ ಇಸಿ ಡ್ರೈವರ್ ಮೊದಲು ಇಸಿಯ ಫರ್ಮ್‌ವೇರ್ ಯಾವ ಆವೃತ್ತಿಯದು ಎಂದು ಓದುತ್ತದೆ. ಅದು ತನ್ನ ಪಟ್ಟಿಯಲ್ಲಿದ್ದರೆ ಮಾತ್ರ ಮುಂದುವರಿಯುತ್ತದೆ, ಇಲ್ಲದಿದ್ದರೆ ಏನನ್ನೂ ಮುಟ್ಟುವುದಿಲ್ಲ.

ಇದು ಅತಿಯಾದ ಎಚ್ಚರಿಕೆ ಎನ್ನುವವರು 2013ರ ಘಟನೆಯನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಆರಂಭದಲ್ಲಿ, ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳನ್ನು ಯುಇಎಫ್‌ಐ ವಿಧಾನದಲ್ಲಿ ಲಿನಕ್ಸ್‌ನೊಂದಿಗೆ ಶುರುಮಾಡಿದರೆ ಅವು ಮತ್ತೆಂದೂ ಆನ್ ಆಗುತ್ತಿಲ್ಲ ಎಂಬ ಸುದ್ದಿ ಬಂತು. ಹಾರ್ಡ್ ಡಿಸ್ಕ್ ಅಳಿಸಿ ಹೊಸದಾಗಿ ಶುರುಮಾಡುವುದಕ್ಕೂ ಅವಕಾಶವಿಲ್ಲದಂತೆ ಲ್ಯಾಪ್‌ಟಾಪ್ ಕೈಕೊಡುತ್ತಿತ್ತು. ಮೊದಲ ಅನುಮಾನ ಸ್ಯಾಮ್‌ಸಂಗ್‌ಗೆಂದು ಇದ್ದ ಲಿನಕ್ಸ್ ಡ್ರೈವರ್ ಮೇಲೆ ಬಿತ್ತು. ಯುಇಎಫ್‌ಐ ಇರುವ ಕಡೆ ಆ ಡ್ರೈವರ್ ಶುರುವಾಗದಂತೆ ಕೂಡಲೇ ತಡೆಯಲಾಯಿತು.

ಆಮೇಲೆ ಕರ್ನೆಲ್ ತಜ್ಞ ಮ್ಯಾಥ್ಯೂ ಗ್ಯಾರೆಟ್ ಇನ್ನಷ್ಟು ಪರೀಕ್ಷಿಸಿದಾಗ ಮೂಲ ದೋಷ ಫರ್ಮ್‌ವೇರ್‌ನಲ್ಲೇ ಇದೆ ಎಂದು ತಿಳಿಯಿತು. ಫರ್ಮ್‌ವೇರ್ ತನ್ನ ಮಾಹಿತಿಯನ್ನು ಇಟ್ಟುಕೊಳ್ಳುವ ಜಾಗದಲ್ಲಿ ಹೆಚ್ಚು ದತ್ತಾಂಶ ತುಂಬಿದರೆ ಲ್ಯಾಪ್‌ಟಾಪ್ ಶುರುವಾಗುತ್ತಿರಲಿಲ್ಲ. ವಿಂಡೋಸ್‌ನಿಂದ ತುಂಬಿದರೂ ಫಲಿತಾಂಶ ಅದೇ ಎಂದು ಅವರು ತೋರಿಸಿದರು. ಹಾಗಾದರೆ ಲಿನಕ್ಸ್‌ನವರು ತಮ್ಮ ಪಾಲಿನ ಎಚ್ಚರಿಕೆಯನ್ನು ಬಿಡಬಹುದಿತ್ತೇ? ಇಲ್ಲ. ದೋಷ ಯಾರದ್ದೇ ಆಗಿರಲಿ, ಲ್ಯಾಪ್‌ಟಾಪ್ ಕಳೆದುಕೊಳ್ಳುವುದು ಬಳಕೆದಾರರೇ. ಆ ಜಾಗವನ್ನು ಪೂರ್ತಿ ತುಂಬದಂತೆ ನೋಡಿಕೊಳ್ಳುವ ಬದಲಾವಣೆಗಳೂ ಕರ್ನೆಲ್‌ಗೆ ಬಂದವು.

ಕರ್ನೆಲ್‌ಗೆ ಸೇರುವ ದಾರಿ

ಡ್ರೈವರ್‌ನಲ್ಲಿ ಮಾಡಿದ ಬದಲಾವಣೆಯನ್ನು ಪ್ಯಾಚ್ ಎನ್ನುತ್ತಾರೆ. ಅದನ್ನು ಬರೆದವರು ಆ ವಿಭಾಗದ ಉಸ್ತುವಾರಿ ಹೊತ್ತವರಿಗೆ, ಎಲ್ಲರಿಗೂ ಕಾಣುವಂತೆ, ಇಮೇಲ್‌ನಲ್ಲಿ ಕಳುಹಿಸಬೇಕು. ಬದಲಾವಣೆ ಏಕೆ ಬೇಕು, ಯಾವ ಮಾಡೆಲ್‌ನಲ್ಲಿ ಪರೀಕ್ಷಿಸಲಾಗಿದೆ ಎಂದು ವಿವರಿಸಬೇಕು. ಈ ಸಂಕೇತವನ್ನು ಕೊಡುವ ಹಕ್ಕು ತಮಗಿದೆ ಎಂದು ಹೆಸರಿನೊಂದಿಗೆ ಒಪ್ಪಿಗೆ ಹಾಕಬೇಕು. ಆಮೇಲೆ ಪ್ರಶ್ನೆಗಳು ಶುರು: ಸೌಲಭ್ಯ ಇಲ್ಲದ ಮಾಡೆಲ್‌ನಲ್ಲಿ ಏನಾಗುತ್ತದೆ? ಬಳಕೆದಾರರು 80ರ ಬದಲು 800 ಎಂದು ಕೊಟ್ಟರೆ? ಫರ್ಮ್‌ವೇರ್ ಉತ್ತರವನ್ನೇ ಕೊಡದಿದ್ದರೆ? ಎರಡು, ಮೂರು, ಕೆಲವೊಮ್ಮೆ ಹತ್ತು ಸಲ ತಿದ್ದಿ ಕಳುಹಿಸಬೇಕಾಗುತ್ತದೆ.

ಅತಿ ಹೆಚ್ಚು ಚರ್ಚೆ ನಡೆಯುವ ವಿಷಯಗಳಲ್ಲೊಂದು ಹೆಸರಿನದು. ಲಿನಕ್ಸ್‌ನಲ್ಲಿ ಇಂತಹ ಸೌಲಭ್ಯಗಳು ಕಡತಗಳಂತೆ ಕಾಣುತ್ತವೆ. ಬ್ಯಾಟರಿಯ ಫೋಲ್ಡರ್‌ನಲ್ಲಿ 'ಚಾರ್ಜ್ ಕಂಟ್ರೋಲ್ ಎಂಡ್ ಥ್ರೆಶೋಲ್ಡ್' ಎಂಬ ಕಡತವಿದ್ದು, ಅದರಲ್ಲಿ 80 ಎಂದು ಬರೆದರೆ ಚಾರ್ಜ್ ಮಿತಿ 80 ಆಗುತ್ತದೆ. ಪ್ರತಿ ಕಂಪನಿಯ ಡ್ರೈವರ್ ತನಗಿಷ್ಟ ಬಂದ ಹೆಸರಿಟ್ಟರೆ, ಮೇಲಿನ ತಂತ್ರಾಂಶಗಳು ಹತ್ತಾರು ಹೆಸರುಗಳನ್ನು ಕಲಿಯಬೇಕಾಗುತ್ತದೆ. ಎಲ್ಲರೂ ಒಂದೇ ಹೆಸರನ್ನು ಬಳಸಿದರೆ ಒಂದೇ ಸ್ವಿಚ್ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಸಾಕು.

ಒಮ್ಮೆ ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಬಳಕೆದಾರರ ತಂತ್ರಾಂಶವನ್ನು ಕೆಡಿಸಬಾರದು ಎನ್ನುವುದು ಕರ್ನೆಲ್‌ನಲ್ಲಿ ಕಟ್ಟುನಿಟ್ಟಿನ ನಿಯಮ. ಥಿಂಕ್‌ಪ್ಯಾಡ್ ಡ್ರೈವರ್‌ಗೆ 2018ರಲ್ಲಿ ಚಾರ್ಜ್ ಮಿತಿ ಸೇರಿದಾಗ ಅದಕ್ಕೆ ಬೇರೆ ಹೆಸರಿತ್ತು. ಆಮೇಲೆ ಎಲ್ಲರಿಗೂ ಒಪ್ಪುವ ಹೆಸರು ಬಂದರೂ ಹಳೆಯದನ್ನು ತೆಗೆಯಲಿಲ್ಲ, ಎರಡನ್ನೂ ಉಳಿಸಿಕೊಳ್ಳಲಾಯಿತು.

ಒಪ್ಪಿಗೆಯಾದ ಪ್ಯಾಚ್ ಮುಂದಿನ ಆವೃತ್ತಿಯಲ್ಲಿ ಸೇರುತ್ತದೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಕರ್ನೆಲ್‌ನ ಹೊಸ ಆವೃತ್ತಿ ಬರುತ್ತದೆ. ಅದು ಉಬುಂಟು, ಫೆಡೋರಾ ಮುಂತಾದವುಗಳ ಮೂಲಕ ನಿಮ್ಮ ಲ್ಯಾಪ್‌ಟಾಪ್ ತಲುಪಲು ಇನ್ನಷ್ಟು ಸಮಯ ಹಿಡಿಯುತ್ತದೆ. ಅಂಗಡಿಗೆ ಬಂದ ಹೊಸ ಮಾಡೆಲ್‌ನಲ್ಲಿ ಮೊದಲ ಕೆಲವು ತಿಂಗಳು ಸೌಲಭ್ಯಗಳು ಕಾಣದಿರುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೌಲಭ್ಯ ಕಾಣದಿದ್ದರೆ

ಮೊದಲು ಲ್ಯಾಪ್‌ಟಾಪ್‌ನ ಬಯಾಸ್ ಸೆಟಪ್ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಚಾರ್ಜ್ ಮಿತಿಯ ಆಯ್ಕೆ ಅಲ್ಲೇ ಇರುತ್ತದೆ. ಅಲ್ಲಿ ಇಟ್ಟ ಮಿತಿಗೆ ಕಾರ್ಯಾಚರಣ ವ್ಯವಸ್ಥೆಯ ನೆರವು ಬೇಕಿಲ್ಲ. ಅಲ್ಲಿ ಇಲ್ಲದಿದ್ದರೆ ಲಿನಕ್ಸ್‌ನ ವಿದ್ಯುತ್ ಸೆಟ್ಟಿಂಗ್ಸ್ ತೆರೆಯಿರಿ. ಕೆಡಿಇ ಪ್ಲಾಸ್ಮಾ ಮತ್ತು ಗ್ನೋಮ್‌ನ ಇತ್ತೀಚಿನ ಆವೃತ್ತಿಗಳಲ್ಲಿ, ಡ್ರೈವರ್ ಬೆಂಬಲವಿದ್ದರೆ ಈ ಆಯ್ಕೆ ಕಾಣಿಸುತ್ತದೆ. ಟಿಎಲ್‌ಪಿ ಎಂಬ ಉಚಿತ ತಂತ್ರಾಂಶದಿಂದಲೂ ಇದನ್ನು ಹೊಂದಿಸಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಾಗ ಮಿತಿ ಮತ್ತೆ ನೂರಕ್ಕೆ ಹೋಗುತ್ತಿದ್ದರೆ, ಪ್ರತಿ ಸಲವೂ ಅದನ್ನು ನೆನಪಿಟ್ಟು ಹೊಂದಿಸುವ ಕೆಲಸವನ್ನು ಇಂತಹ ತಂತ್ರಾಂಶಗಳೇ ಮಾಡುತ್ತವೆ.

ಆಗಲೂ ಸಿಗದಿದ್ದರೆ ಕರ್ನೆಲ್‌ನ ಹೊಸ ಆವೃತ್ತಿಯನ್ನು ಪ್ರಯತ್ನಿಸಿ. ನಿಮ್ಮ ಮಾಡೆಲ್‌ಗೆ ಬೇಕಾದ ಒಂದು ಸಾಲು ಈಗಾಗಲೇ ಅಲ್ಲಿ ಸೇರಿರಬಹುದು. ಸೇರಿಲ್ಲದಿದ್ದರೆ ಲ್ಯಾಪ್‌ಟಾಪ್‌ನ ಪೂರ್ಣ ಮಾಡೆಲ್ ಹೆಸರು, ಬಯಾಸ್ ಆವೃತ್ತಿ, ಕರ್ನೆಲ್ ಆವೃತ್ತಿ ಮತ್ತು ಡ್ರೈವರ್ ದಾಖಲಿಸಿದ ಸಂದೇಶಗಳ ಜೊತೆಗೆ ನೀವು ಬಳಸುವ ಲಿನಕ್ಸ್‌ನವರಿಗೆ ದೂರು ಸಲ್ಲಿಸಿ. ಪ್ರೋಗ್ರಾಮಿಂಗ್ ಗೊತ್ತಿಲ್ಲದಿದ್ದರೂ ಇಷ್ಟು ಮಾಡಬಹುದು. ಆ ಲ್ಯಾಪ್‌ಟಾಪ್ ತಮ್ಮ ಬಳಿ ಇಲ್ಲದ ಡ್ರೈವರ್ ಲೇಖಕರಿಗೆ ನೀವು ಕೊಡುವ ಮಾಹಿತಿಯೇ ಆಧಾರ.

ಒಂದನ್ನು ಮಾತ್ರ ಮಾಡಬೇಡಿ. ಇಸಿಗೆ ನೇರವಾಗಿ ಬರೆಯುವ ಆಜ್ಞೆಗಳು ಅಲ್ಲಿ ಇಲ್ಲಿ ಸಿಕ್ಕರೆ, ಬೇರೆ ಮಾಡೆಲ್‌ಗೆಂದು ಬರೆದದ್ದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚಲಾಯಿಸಬೇಡಿ. 239ನೇ ಗೂಡು ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಚಾರ್ಜ್ ಮಿತಿಯದ್ದೇ ಆಗಿರುವುದಿಲ್ಲ. ಇನ್ನು ಬ್ಯಾಟರಿ ಈಗಾಗಲೇ ಊದಿಕೊಂಡು ಟಚ್‌ಪ್ಯಾಡ್ ಅಥವಾ ಕೀಲಿಮಣೆ ಮೇಲೆದ್ದಿದ್ದರೆ ಯಾವ ಡ್ರೈವರ್‌ನಿಂದಲೂ ಅದು ಸರಿಹೋಗುವುದಿಲ್ಲ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಸರ್ವಿಸ್ ಸೆಂಟರ್‌ಗೆ ಒಯ್ದು ಬ್ಯಾಟರಿ ಬದಲಿಸುವುದೊಂದೇ ದಾರಿ.

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಿದ್ದು ಅದರಲ್ಲಿ ಲಿನಕ್ಸ್ ಬಳಸುವ ಇರಾದೆಯೂ ಇದ್ದರೆ, ಸ್ಕ್ರೀನು, ಸೌಂಡು, ವೈಫೈ ಕೆಲಸ ಮಾಡುತ್ತವೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಚಾರ್ಜ್ ಮಿತಿ, ಫ್ಯಾನು, ವಿಶೇಷ ಕೀಲಿಗಳ ಬಗ್ಗೆಯೂ ವಿಚಾರಿಸಿ. ಉತ್ತರ 'ಇಲ್ಲ' ಎಂದಾದರೂ ಅದರ ಅರ್ಥ ಹೆಚ್ಚಿನ ಸಲ ಇನ್ನೂ ಯಾರೂ ಬರೆದಿಲ್ಲ ಎಂದಷ್ಟೇ.